ಮೂತ್ರಕೋಶದ ದೀರ್ಘಕಾಲದ ತೊಂದರೆಗೆ ಸಿಗುವ ಸ್ವಯಂ ಆರೈಕೆಯ ಸಲಹೆಗಳನ್ನು ತೂಗಿ ನೋಡುವುದು ಹೇಗೆ

ಮೂತ್ರಕೋಶದ ತೊಂದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ಕಾಡುವಾಗ ವೈದ್ಯರ ಎದುರು ಕುಳಿತುಕೊಳ್ಳುವುದು ಕೆಲವೇ ನಿಮಿಷ. ಉಳಿದ ದಿನಗಳನ್ನೆಲ್ಲ ರೋಗಿಯೇ ನಿಭಾಯಿಸಬೇಕು. ಎಷ್ಟು ನೀರು ಕುಡಿಯಬೇಕು, ಕಾಫಿ ಬಿಡಬೇಕೇ, ಯಾವ ವ್ಯಾಯಾಮ ಮಾಡಬೇಕು, ಯಾವ ಪುಡಿ ತೆಗೆದುಕೊಂಡರೆ ಒಳ್ಳೆಯದು ಎಂದು ಹೇಳುವವರಿಗೆ ಬರವಿಲ್ಲ. ಇವುಗಳಲ್ಲಿ ಕೆಲವು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಹೊತ್ತು ನಿಗದಿ ಮಾಡಿಕೊಂಡು ಮೂತ್ರಕ್ಕೆ ಹೋಗುವ ಅಭ್ಯಾಸ, ಕುಡಿಯುವ ದ್ರವದ ಪ್ರಮಾಣವನ್ನು ಹದದಲ್ಲಿಡುವುದು, ಕೆರಳಿಸುವ ಆಹಾರವನ್ನು ಗುರುತಿಸಿ ದೂರವಿಡುವುದು ಮುಂತಾದವನ್ನು ವೈದ್ಯಕೀಯ ಮಾರ್ಗಸೂಚಿಗಳೇ ಚಿಕಿತ್ಸೆಯ ಭಾಗವಾಗಿ ಒಪ್ಪಿವೆ. ಆದ್ದರಿಂದ ಸ್ವಯಂ ಆರೈಕೆಯ ಮಾತೆಲ್ಲ ಪೊಳ್ಳು ಎಂದು ತಳ್ಳಿಹಾಕುವುದೂ ಸರಿಯಲ್ಲ, ಕಿವಿಗೆ ಬಿದ್ದದ್ದನ್ನೆಲ್ಲ ಮಾಡಿ ನೋಡುವುದೂ ಸರಿಯಲ್ಲ. ತೂಗಿ ನೋಡಲು ಒಂದು ಕ್ರಮ ಬೇಕು. ಆ ಕ್ರಮದಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಸಲಹೆ ಯಾವ ಕಾಯಿಲೆಯವರಿಗೆ ಕೊಟ್ಟದ್ದು ಎಂಬುದನ್ನು.

ಸಲಹೆ ಯಾವ ಕಾಯಿಲೆಗೆ?

ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ತಡೆಯಲಾಗದ ಅವಸರ, ಕಿಬ್ಬೊಟ್ಟೆಯ ನೋವು ಅಥವಾ ಉರಿ, ಸೋರಿಕೆ: ಲಕ್ಷಣಗಳು ಹೆಚ್ಚುಕಡಿಮೆ ಇವಿಷ್ಟೇ. ಆದರೆ ಇವುಗಳ ಹಿಂದಿರುವ ಕಾಯಿಲೆಗಳು ಬೇರೆ ಬೇರೆ. ಮರುಕಳಿಸುವ ಸೋಂಕಿನಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಸೋಂಕು ಬಂದರೆ ಅದನ್ನು ಸಾಮಾನ್ಯವಾಗಿ ಮರುಕಳಿಸುವ ಸೋಂಕು ಎನ್ನುತ್ತಾರೆ. ಓವರ್‌ಆ್ಯಕ್ಟಿವ್ ಬ್ಲ್ಯಾಡರ್ ಎಂಬ ಸ್ಥಿತಿಯಲ್ಲಿ ಸೋಂಕಿಲ್ಲದೆಯೇ ಅವಸರ ಕಾಣಿಸಿಕೊಳ್ಳುತ್ತದೆ, ನೋವು ಮುಖ್ಯ ಲಕ್ಷಣವಲ್ಲ. ಇಂಟರ್‌ಸ್ಟಿಶಿಯಲ್ ಸಿಸ್ಟೈಟಿಸ್ ಅಥವಾ ಮೂತ್ರಕೋಶದ ನೋವಿನ ಸಿಂಡ್ರೋಮ್‌ನಲ್ಲಿ ನೋವು ಅಥವಾ ಒತ್ತಡವೇ ಪ್ರಧಾನ. ಅದು ಆರು ವಾರಗಳಿಗಿಂತ ಹೆಚ್ಚು ಕಾಲ ಇದ್ದು, ಸೋಂಕು ಅಥವಾ ಬೇರೆ ಗುರುತಿಸಬಲ್ಲ ಕಾರಣ ಸಿಗದಿದ್ದಾಗ ಆ ಹೆಸರನ್ನು ಕೊಡುತ್ತಾರೆ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಆಗುವ ಸೋರಿಕೆ ಇನ್ನೊಂದು ಬಗೆ. ನರಗಳ ತೊಂದರೆಯಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದಿರುವುದು ಮತ್ತೂ ಒಂದು ಬಗೆ. ಲಕ್ಷಣ ಒಂದೇ ಎಂದು ಒಂದರ ಸಲಹೆಯನ್ನು ಇನ್ನೊಂದಕ್ಕೆ ಹಚ್ಚಿದರೆ ಒಳ್ಳೆಯ ಸಲಹೆಯೂ ಕೆಡುಕಾಗುತ್ತದೆ.

ಕೆಗೆಲ್ ವ್ಯಾಯಾಮವನ್ನೇ ತೆಗೆದುಕೊಳ್ಳಿ. ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ಈ ವ್ಯಾಯಾಮದಲ್ಲಿ ಶ್ರೋಣಿಯ (ಸೊಂಟದ ಮೂಳೆಗಳ ನಡುವಿನ ಭಾಗದ) ತಳದಲ್ಲಿರುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುತ್ತಾರೆ. ಕೆಮ್ಮಿದಾಗ ಆಗುವ ಸೋರಿಕೆಗೆ ಇದು ಉಪಯುಕ್ತ ಎಂಬುದಕ್ಕೆ ಗಟ್ಟಿಯಾದ ಆಧಾರವಿದೆ. ಆದರೆ ಮೂತ್ರಕೋಶದ ನೋವಿನ ಸಿಂಡ್ರೋಮ್ ಇರುವ ಅನೇಕರಲ್ಲಿ ಈ ಸ್ನಾಯುಗಳು ಮೊದಲೇ ಬಿಗಿದುಕೊಂಡಿರುತ್ತವೆ. ಅವರಿಗೆ ಬೇಕಾದದ್ದು ಬಲಪಡಿಸುವುದಲ್ಲ, ಸಡಿಲಗೊಳಿಸುವುದು. ಮೂತ್ರರೋಗ ತಜ್ಞರ ಸಂಘವಾದ ಅಮೆರಿಕನ್ ಯುರಾಲಾಜಿಕಲ್ ಅಸೋಸಿಯೇಷನ್‌ನ ಮಾರ್ಗಸೂಚಿ ಇಂಥವರು ಕೆಗೆಲ್ ವ್ಯಾಯಾಮವನ್ನು ಮಾಡಬಾರದು ಎಂದೇ ಹೇಳುತ್ತದೆ. ಹೀಗಿರುವಾಗ ‘ಮೂತ್ರಕೋಶದ ಎಲ್ಲ ತೊಂದರೆಗೂ ಕೆಗೆಲ್’ ಎಂಬ ಶೀರ್ಷಿಕೆ ಕಂಡರೆ, ಅದನ್ನು ಬರೆದವರಿಗೆ ಕಾಯಿಲೆಗಳ ನಡುವಿನ ವ್ಯತ್ಯಾಸವೇ ತಿಳಿದಿಲ್ಲ ಎಂದು ತೀರ್ಮಾನಿಸಿ ಮುಂದೆ ಹೋಗಬಹುದು.

ನೀರಿನ ವಿಷಯವೂ ಇಷ್ಟೇ. ಪದೇ ಪದೇ ಸೋಂಕಾಗುತ್ತಿದ್ದ, ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆ ದ್ರವ ಸೇವಿಸುತ್ತಿದ್ದ, ಋತುಬಂಧಕ್ಕೆ ಮುಂಚಿನ ವಯಸ್ಸಿನ 140 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರ್ಧದಷ್ಟು ಮಂದಿಗೆ ಪ್ರತಿದಿನ ಇನ್ನೂ ಒಂದೂವರೆ ಲೀಟರ್ ನೀರು ಕುಡಿಯಲು ಹೇಳಲಾಗಿತ್ತು. ಒಂದು ವರ್ಷದಲ್ಲಿ ಹಾಗೆ ಕುಡಿದವರಿಗೆ ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ ಸೋಂಕಾಯಿತು. ಇದು ದೊಡ್ಡ ವ್ಯತ್ಯಾಸ. ಆದರೆ ಮೊದಲೇ ಮೂರು ಲೀಟರ್ ಕುಡಿಯುತ್ತಿರುವ, ಅವಸರದಿಂದ ಕಂಗೆಟ್ಟಿರುವ ವ್ಯಕ್ತಿಗೆ ಇದೇ ಸಲಹೆ ಕೊಟ್ಟರೆ ತೊಂದರೆ ಹೆಚ್ಚುವುದು ಖಂಡಿತ; ಓವರ್‌ಆ್ಯಕ್ಟಿವ್ ಬ್ಲ್ಯಾಡರ್ ಇರುವವರಿಗೆ ದ್ರವವನ್ನು ಸ್ವಲ್ಪ ಇಳಿಸಲು ಹೇಳುವುದೇ ವಾಡಿಕೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ದ್ರವದ ಮಿತಿ ಹಾಕಿಸಿಕೊಂಡವರಿಗಂತೂ ‘ಹೆಚ್ಚು ನೀರು ಕುಡಿಯಿರಿ’ ಎಂಬ ನಿರುಪದ್ರವಿಯಂತೆ ಕಾಣುವ ಮಾತೂ ಅಪಾಯಕಾರಿ.

ಹಾಗಾಗಿ ಯಾವುದೇ ಸಲಹೆಯನ್ನು ಓದುವಾಗ ಅದರಲ್ಲಿ ಕಾಯಿಲೆಯ ನಿರ್ದಿಷ್ಟ ಹೆಸರು, ಯಾವ ವಯಸ್ಸಿನವರು, ಗರ್ಭಿಣಿಯರಿಗೆ ಸಲ್ಲುತ್ತದೆಯೇ, ಬೇರೆ ಯಾವ ಕಾಯಿಲೆ ಇದ್ದವರು ದೂರವಿರಬೇಕು ಎಂಬ ವಿವರಗಳಿವೆಯೇ ಎಂದು ಹುಡುಕಿ. ನಿಮ್ಮ ಕಾಯಿಲೆಗೆ ಇನ್ನೂ ಹೆಸರೇ ಸಿಕ್ಕಿಲ್ಲವಾದರೆ, ಸಲಹೆಗಳನ್ನು ತೂಗುವ ಕೆಲಸಕ್ಕಿಂತ ಮುಂಚೆ ಆಗಬೇಕಾದದ್ದು ತಪಾಸಣೆ. ಮೂತ್ರಕೋಶದ ಕ್ಯಾನ್ಸರ್‌ನ ಒಂದು ಬಗೆಯೂ, ಮೂತ್ರಾಂಗಗಳ ಕ್ಷಯವೂ ಇವೇ ಲಕ್ಷಣಗಳ ವೇಷದಲ್ಲಿ ಬರಬಲ್ಲವು.

‘ನನಗೆ ಗುಣವಾಯಿತು’ ಎಂಬ ಸಾಕ್ಷ್ಯ

ಅನುಭವಸ್ಥರ ಮಾತಿಗೆ ಬೆಲೆಯಿದೆ. ರಾತ್ರಿ ಪ್ರಯಾಣವನ್ನು ಹೇಗೆ ಸುಧಾರಿಸಬೇಕು, ಕಚೇರಿಯಲ್ಲಿ ಸಂಕೋಚವಿಲ್ಲದೆ ಹೇಗೆ ಹೇಳಿಕೊಳ್ಳಬೇಕು ಎಂಬುದನ್ನು ಯಾವ ವೈದ್ಯಕೀಯ ಪುಸ್ತಕಕ್ಕಿಂತಲೂ ಅವರೇ ಚೆನ್ನಾಗಿ ಹೇಳಬಲ್ಲರು. ಆದರೆ ಒಂದು ಮದ್ದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಅವರ ಅನುಭವ ಉತ್ತರವಾಗಲಾರದು. ಅದಕ್ಕೆ ಅವರ ಪ್ರಾಮಾಣಿಕತೆಯ ಕೊರತೆ ಕಾರಣವಲ್ಲ, ಈ ಕಾಯಿಲೆಗಳ ಸ್ವಭಾವವೇ ಕಾರಣ.

ಮೂತ್ರಕೋಶದ ದೀರ್ಘಕಾಲದ ತೊಂದರೆಗಳು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ; ಕೆಲವು ವಾರ ಕೆರಳುತ್ತವೆ, ಮತ್ತೆ ತಾವಾಗಿಯೇ ತಣ್ಣಗಾಗುತ್ತವೆ. ಮನುಷ್ಯ ಹೊಸ ಮದ್ದನ್ನು ಹುಡುಕುವುದು ಯಾವಾಗ? ಬಾಧೆ ತುತ್ತತುದಿಗೆ ಏರಿದಾಗ. ತುದಿಗೆ ಏರಿದ್ದು ಮುಂದಿನ ದಿನಗಳಲ್ಲಿ ಇಳಿಯುವ ಸಂಭವವೇ ಹೆಚ್ಚು. ಆ ಹೊತ್ತಿಗೆ ನುಂಗಿದ್ದು ಯಾವುದೋ ಬೇರಿನ ಪುಡಿಯಾಗಿರಲಿ, ವಿಟಮಿನ್ ಮಾತ್ರೆಯಾಗಿರಲಿ, ಬಾಧೆ ಇಳಿದ ಕೀರ್ತಿ ಅದಕ್ಕೇ ಸಲ್ಲುತ್ತದೆ. ಇದರ ಮೇಲೆ ಪ್ಲಸೀಬೊದ ಪ್ರಭಾವ ಬೇರೆ: ಓವರ್‌ಆ್ಯಕ್ಟಿವ್ ಬ್ಲ್ಯಾಡರ್‌ನ ಔಷಧಿಗಳ ಪ್ರಯೋಗಗಳಲ್ಲಿ ಔಷಧವಿಲ್ಲದ ಮಾತ್ರೆ ನುಂಗಿದವರಲ್ಲೂ ಗಮನಾರ್ಹ ಸುಧಾರಣೆ ಕಾಣುವುದು ಚಿರಪರಿಚಿತ ಸಂಗತಿ. ಮತ್ತೊಂದು ತೊಡಕೆಂದರೆ, ಗುಣವಾದವರು ಉತ್ಸಾಹದಿಂದ ಹೇಳಿಕೊಳ್ಳುತ್ತಾರೆ. ಅದೇ ಪುಡಿ ತಿಂದು ಏನೂ ಆಗದವರು ಸುಮ್ಮನೆ ಇನ್ನೊಂದರ ಕಡೆಗೆ ಹೋಗುತ್ತಾರೆ. ಹೀಗಾಗಿ ನೂರು ಸಾಕ್ಷ್ಯಗಳನ್ನು ಕೂಡಿಸಿದರೂ ಎಷ್ಟು ಮಂದಿಯಲ್ಲಿ ನೂರು ಎಂಬುದು ತಿಳಿಯುವುದಿಲ್ಲ.

‘ಅಧ್ಯಯನದಿಂದ ಸಾಬೀತು’ ಎಂದಾಗ

ಈ ಮಾತು ಕೇಳಿದ ಕೂಡಲೇ ಅಧ್ಯಯನ ಯಾವುದರ ಮೇಲೆ ನಡೆಯಿತು ಎಂದು ನೋಡಬೇಕು. ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಪದಾರ್ಥಗಳು ಲೆಕ್ಕವಿಲ್ಲದಷ್ಟಿವೆ. ಅವನ್ನು ನುಂಗಿದಾಗ ಸಾಕಷ್ಟು ಪ್ರಮಾಣದಲ್ಲಿ ಮೂತ್ರಕೋಶವನ್ನು ಮುಟ್ಟುತ್ತವೆಯೇ ಎಂಬುದು ಬೇರೆಯೇ ಪ್ರಶ್ನೆ. ಮನುಷ್ಯರ ಮೇಲೆ ನಡೆದಿದ್ದರೆ ಹೋಲಿಕೆಗೆ ಇನ್ನೊಂದು ಗುಂಪು ಇತ್ತೇ, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತೇ, ತಾನು ನುಂಗುತ್ತಿರುವುದು ಮದ್ದೋ ಪ್ಲಸೀಬೊವೋ ಎಂಬುದು ರೋಗಿಗೆ ತಿಳಿದಿತ್ತೇ ಎಂಬ ಮೂರು ಸಂಗತಿಗಳು ಮುಖ್ಯ.

ಡಿ-ಮ್ಯಾನೋಸ್ ಎಂಬ ಸಕ್ಕರೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಮೂತ್ರದ ಸೋಂಕಿಗೆ ಸಾಮಾನ್ಯವಾಗಿ ಕಾರಣವಾಗುವ ಇ-ಕೋಲಿ ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳದಂತೆ ಅದು ತಡೆಯುತ್ತದೆ ಎಂಬ ವಿವರಣೆ ತರ್ಕಬದ್ಧವಾಗಿಯೇ ಇತ್ತು. 2014ರ ಪ್ರಯೋಗವೊಂದು ಸೋಂಕು ತಡೆಯಲು ಅದು ಬಹಳ ಪರಿಣಾಮಕಾರಿ ಎಂದಿತು, ಆದರೆ ಅದರಲ್ಲಿ ಪ್ಲಸೀಬೊ ಇರಲಿಲ್ಲ. 2024ರಲ್ಲಿ ಬ್ರಿಟನ್ನಿನ 598 ಮಹಿಳೆಯರ ಮೇಲೆ, ಪ್ಲಸೀಬೊ ಜೊತೆ ಹೋಲಿಸಿ, ದಿನಕ್ಕೆ 2 ಗ್ರಾಂನಂತೆ ಆರು ತಿಂಗಳು ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಶಂಕಿತ ಸೋಂಕಿಗಾಗಿ ಮತ್ತೆ ವೈದ್ಯರ ಬಳಿಗೆ ಹೋದವರು ಡಿ-ಮ್ಯಾನೋಸ್ ಗುಂಪಿನಲ್ಲಿ ಶೇ. 51, ಪ್ಲಸೀಬೊ ಗುಂಪಿನಲ್ಲಿ ಶೇ. 55.7, ಇದು ಆಕಸ್ಮಿಕ ಏರಿಳಿತವನ್ನು ಮೀರುವಷ್ಟು ಅಂತರವಲ್ಲ. ವಿವರಣೆ ಚೆನ್ನಾಗಿದೆ ಎಂಬ ಮಾತ್ರಕ್ಕೆ ಮದ್ದು ಕೆಲಸ ಮಾಡಬೇಕೆಂದಿಲ್ಲ. ಇಂದಿಗೂ 2014ರ ಪ್ರಯೋಗವನ್ನಷ್ಟೇ ಉಲ್ಲೇಖಿಸಿ 2024ರದ್ದನ್ನು ಬಿಟ್ಟಿರುವ ಲೇಖನ ಕಂಡರೆ, ಅದು ಹಳೆಯದಿರಬೇಕು ಅಥವಾ ಡಬ್ಬಿ ಮಾರುವವರದ್ದಿರಬೇಕು.

ಆಧಾರ ಎರಡೂ ದಿಕ್ಕಿಗೆ ತಿರುಗಬಲ್ಲದು ಎಂಬುದನ್ನು ಕ್ರಾನ್‌ಬೆರಿ ಎಂಬ ಹುಳಿ ಹಣ್ಣು ತೋರಿಸುತ್ತದೆ. ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ 2012ರ ಸಮೀಕ್ಷೆ, ಕ್ರಾನ್‌ಬೆರಿಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ ಎಂದಿತ್ತು. 50 ಅಧ್ಯಯನಗಳನ್ನು ಒಳಗೊಂಡ 2023ರ ಪರಿಷ್ಕೃತ ಸಮೀಕ್ಷೆ, ಮರುಕಳಿಸುವ ಸೋಂಕಿನ ಮಹಿಳೆಯರಲ್ಲಿ ಅದು ಸೋಂಕಿನ ಸಂಭವವನ್ನು ಸುಮಾರು ಶೇ. 26ರಷ್ಟು ಇಳಿಸುತ್ತದೆ ಎಂದಿತು. ಆರೈಕೆ ಕೇಂದ್ರಗಳಲ್ಲಿರುವ ವೃದ್ಧರಿಗೆ, ಗರ್ಭಿಣಿಯರಿಗೆ, ಮೂತ್ರಕೋಶ ಪೂರ್ತಿ ಖಾಲಿಯಾಗದವರಿಗೆ ಪ್ರಯೋಜನ ಕಾಣಲಿಲ್ಲ. ಇದು ತಡೆಯುವ ಮಾತೇ ಹೊರತು ಬಂದಿರುವ ಸೋಂಕನ್ನು ಗುಣಪಡಿಸುವ ಮಾತಲ್ಲ. ನೋವಿನ ಸಿಂಡ್ರೋಮ್ ಇರುವವರಲ್ಲಿ ಕ್ರಾನ್‌ಬೆರಿಯ ಹುಳಿ ಉರಿಯನ್ನು ಹೆಚ್ಚಿಸುವುದೂ ಉಂಟು.

ಈ ಶೇ. 26 ಎಂಬ ಸಂಖ್ಯೆಯ ಮೇಲೆ ಇನ್ನೊಂದಿಷ್ಟು ಹೊತ್ತು ನಿಲ್ಲುವುದು ಒಳ್ಳೆಯದು, ಏಕೆಂದರೆ ಇಂಥ ಶೇಕಡಾವಾರುಗಳೇ ಓದುಗರನ್ನು ಹೆಚ್ಚಾಗಿ ದಾರಿತಪ್ಪಿಸುವುದು. ಲೆಕ್ಕಕ್ಕಾಗಿ, ಏನೂ ಮಾಡದಿದ್ದರೆ ನೂರು ಮಹಿಳೆಯರಲ್ಲಿ 40 ಮಂದಿಗೆ ವರ್ಷದೊಳಗೆ ಸೋಂಕು ಬರುತ್ತದೆ ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಶೇ. 26 ಇಳಿದರೆ ಸುಮಾರು 30 ಮಂದಿಗೆ ಬರುತ್ತದೆ. ಅಂದರೆ ನೂರು ಮಂದಿ ವರ್ಷವಿಡೀ ಸೇವಿಸಿದಾಗ ನಿಜವಾದ ಲಾಭ ಪಡೆದವರು ಹತ್ತು ಮಂದಿ. 30 ಮಂದಿಗೆ ಸೇವಿಸಿಯೂ ಸೋಂಕು ಬಂತು. 60 ಮಂದಿಗೆ ಸೇವಿಸದಿದ್ದರೂ ಬರುತ್ತಿರಲಿಲ್ಲ. ಆದರೆ ವರ್ಷದ ಕೊನೆಯಲ್ಲಿ ಕೇಳಿದರೆ ಸೋಂಕು ಬಾರದ ಎಪ್ಪತ್ತು ಮಂದಿಯೂ ‘ಇದರಿಂದಲೇ ನನಗೆ ಸೋಂಕು ಬರಲಿಲ್ಲ’ ಎನ್ನುತ್ತಾರೆ. ಹತ್ತು ಮಂದಿಗೆ ಲಾಭವಾಗುವುದು ಸಣ್ಣ ಮಾತಲ್ಲ, ಬೇಕೆನಿಸಿದರೆ ಪ್ರಯತ್ನಿಸಬಹುದು. ಯಾವ ನಿರೀಕ್ಷೆಯಿಂದ ಪ್ರಯತ್ನಿಸುತ್ತಿದ್ದೇವೆ ಎಂಬುದು ತಿಳಿದಿರಬೇಕು, ಅಷ್ಟೆ.

ಯಾರು ಬರೆದದ್ದು, ಯಾವಾಗ ಬರೆದದ್ದು

ಹೇಳುತ್ತಿರುವವರು ಅದೇ ವಸ್ತುವನ್ನು ಮಾರುತ್ತಿದ್ದಾರೆಯೇ ಎಂದು ನೋಡುವುದು ಎಲ್ಲರಿಗೂ ತಿಳಿದ ಪಾಠ. ದಿನಾಂಕವನ್ನು ನೋಡುವ ಅಭ್ಯಾಸ ಅಷ್ಟಾಗಿ ಇಲ್ಲ. ಪೆಂಟೊಸಾನ್ ಪಾಲಿಸಲ್ಫೇಟ್ ಎಂಬ ಮಾತ್ರೆಗೆ ಮೂತ್ರಕೋಶದ ನೋವಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1996ರಲ್ಲಿ ಒಪ್ಪಿಗೆ ನೀಡಿತ್ತು. ಅದನ್ನು ವರ್ಷಗಟ್ಟಲೆ ಸೇವಿಸಿದ ಕೆಲವರ ಕಣ್ಣಿನ ಅಕ್ಷಿಪಟಲಕ್ಕೆ (ರೆಟಿನಾ) ಹಾನಿಯಾದ ವರದಿ ಬಂದದ್ದು 2018ರಲ್ಲಿ; ಔಷಧದ ಲೇಬಲ್ ಮೇಲೆ ಎಚ್ಚರಿಕೆ ಸೇರಿದ್ದು 2020ರಲ್ಲಿ. 2015ರಲ್ಲಿ ಒಬ್ಬ ತಜ್ಞರು ಬರೆದ, ಆಗ ಸಂಪೂರ್ಣ ಸರಿಯಾಗಿದ್ದ ಲೇಖನದಲ್ಲಿ ಕಣ್ಣಿನ ಪರೀಕ್ಷೆಯ ಪ್ರಸ್ತಾಪವೇ ಇರಲಾರದು.

ನಂಬಿಕೆಯ ಮುದ್ರೆಗಳಿಗೂ ವಯಸ್ಸಾಗುತ್ತದೆ. ಜಿನೀವಾದ ಹೆಲ್ತ್ ಆನ್ ದ ನೆಟ್ ಪ್ರತಿಷ್ಠಾನ ಆರೋಗ್ಯದ ಜಾಲತಾಣಗಳಿಗೆ ಹಲವು ವರ್ಷ ಮುದ್ರೆ ಕೊಡುತ್ತಿತ್ತು, ಆದರೆ ಅದು 2022ರಲ್ಲಿ ಕಾರ್ಯ ನಿಲ್ಲಿಸಿದೆ. ಆ ಮುದ್ರೆ ಈಗಲೂ ಕಂಡರೆ ಅದಕ್ಕೆ ಅರ್ಥವಿಲ್ಲ. ಇದಕ್ಕಿಂತ ಉಪಯುಕ್ತವಾದದ್ದು ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದ ಡಿಸರ್ನ್ ಎಂಬ 16 ಪ್ರಶ್ನೆಗಳ ಸಾಧನ. ಸಾಮಾನ್ಯ ಓದುಗರೇ ಬಳಸಬಹುದಾದ ಆ ಪ್ರಶ್ನೆಗಳಲ್ಲಿ ನನಗೆ ಬಹಳ ಹರಿತವಾಗಿ ಕಾಣುವುದು ಒಂದು: ಯಾವ ಚಿಕಿತ್ಸೆಯನ್ನೂ ಮಾಡದಿದ್ದರೆ ಏನಾಗುತ್ತದೆ ಎಂದು ಈ ಬರಹ ಹೇಳುತ್ತದೆಯೇ? ತಾನಾಗಿ ಏರಿಳಿಯುವ ಕಾಯಿಲೆಯ ಬಗ್ಗೆ ಬರೆದವರು ಇದಕ್ಕೆ ಉತ್ತರಿಸಿಲ್ಲವೆಂದರೆ ಉಳಿದ ಮಾತುಗಳ ತೂಕ ಕಡಿಮೆಯಾಗುತ್ತದೆ.

ನೈಸರ್ಗಿಕ ಎಂಬ ಸಮಾಧಾನ

ಗಿಡಮೂಲಿಕೆಯಿಂದ ಕೆಡುಕಾಗದು ಎಂಬ ನಂಬಿಕೆಗೆ 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ನಡೆದದ್ದು ಕಠೋರ ಉತ್ತರ. ತೂಕ ಇಳಿಸಲು ಕೊಟ್ಟ ಮಾತ್ರೆಗಳಲ್ಲಿ ಒಂದು ಗಿಡದ ಬದಲು ಅರಿಸ್ಟೊಲೋಕಿಯಾ ಜಾತಿಯ ವಿಷಕಾರಿ ಗಿಡ ಸೇರಿಹೋಗಿ ಅನೇಕ ಮಹಿಳೆಯರ ಮೂತ್ರಪಿಂಡಗಳು ವಿಫಲವಾದವು. ಮುಂದೆ ಅವರಲ್ಲಿ ಹಲವರಿಗೆ ಮೂತ್ರಮಾರ್ಗದ ಕ್ಯಾನ್ಸರ್ ಕೂಡ ಕಂಡುಬಂತು. ಪುಡಿಯಲ್ಲಿ ಏನಿದೆ ಎಂಬುದನ್ನು ಲೇಬಲ್ ಪೂರ್ತಿಯಾಗಿ, ಸಸ್ಯದ ವೈಜ್ಞಾನಿಕ ಹೆಸರಿನೊಂದಿಗೆ ಹೇಳದಿದ್ದರೆ ಅದನ್ನು ಬಾಯಿಗೆ ಹಾಕಿಕೊಳ್ಳದಿರುವುದೇ ವಿವೇಕ.

ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ ಕುಡಿಯುವ ಸಲಹೆಯೂ ಸರ್ವೇಸಾಮಾನ್ಯ. ಮೂತ್ರದ ಹುಳಿ ತಗ್ಗಿ ಕೆಲವರಿಗೆ ಉರಿ ಕಡಿಮೆಯಾದಂತೆ ಅನಿಸಬಹುದು. ಆದರೆ ಅದರಲ್ಲಿರುವ ಸೋಡಿಯಂ ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಒಳ್ಳೆಯದಲ್ಲ. ದಿನಾ ಕುಡಿದರೆ ರಕ್ತದ ಆಮ್ಲ–ಕ್ಷಾರ ಸಮತೋಲವೂ ಕೆಡಬಹುದು. ಇನ್ನೊಂದು ಸೂಕ್ಷ್ಮವಿದೆ. ಸೋಂಕು ತಡೆಯಲು ಬಳಸುವ ಮೆಥೆನಮೀನ್ ಎಂಬ ಔಷಧ ಕೆಲಸ ಮಾಡಬೇಕಾದರೆ ಮೂತ್ರ ಹುಳಿಯಾಗಿಯೇ ಇರಬೇಕು. ಅದನ್ನು ನುಂಗುತ್ತ ಸೋಡಾ ಕುಡಿದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ. ನೀವು ಈಗಾಗಲೇ ಸೇವಿಸುತ್ತಿರುವ ಔಷಧಿಗಳ ಜೊತೆ ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನೇ ಎತ್ತದ ಸಲಹೆಯನ್ನು ಅರ್ಧ ಸಲಹೆ ಎಂದೇ ಎಣಿಸಬೇಕು; ಉಳಿದರ್ಧವನ್ನು ಔಷಧಿ ಅಂಗಡಿಯ ಫಾರ್ಮಸಿಸ್ಟ್ ಬಳಿ ಕೇಳಿ ಪೂರ್ತಿ ಮಾಡಿಕೊಳ್ಳಬಹುದು.

ಸೋಂಕು ಒಳಗೇ ಅಡಗಿದೆ, ಪರೀಕ್ಷೆಯಲ್ಲಿ ಕಾಣದಿದ್ದರೂ ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ನುಂಗಬೇಕು ಎಂಬ ವಾದವನ್ನೂ ಇಲ್ಲೇ ಹೇಳಬೇಕು. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಸಾಮಾನ್ಯ ಯೂರಿನ್ ಕಲ್ಚರ್ ಪರೀಕ್ಷೆಯ ಕಣ್ಣಿಗೆ ಕೆಲವು ಸೋಂಕುಗಳು ಬೀಳದೆ ಹೋಗಬಹುದು ಎಂಬುದು ನಿಜ. ಆದರೆ ಅಲ್ಲಿಂದ ದೀರ್ಘಕಾಲದ ಆ್ಯಂಟಿಬಯಾಟಿಕ್‌ಗೆ ಜಿಗಿಯಲು ನಡುವೆ ಸೇತುವೆಯಿಲ್ಲ. ನೋವಿನ ಸಿಂಡ್ರೋಮ್‌ಗೆ ಅದನ್ನು ಕೊಡಬಾರದು ಎಂದು ಮೇಲೆ ಹೇಳಿದ ಅಮೆರಿಕದ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳುತ್ತದೆ. ಲಕ್ಷಣಗಳಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೂ ಗರ್ಭಿಣಿಯರು ಮತ್ತು ಕೆಲವು ಶಸ್ತ್ರಕ್ರಿಯೆಗಳಿಗೆ ಸಿದ್ಧರಾಗುತ್ತಿರುವವರನ್ನು ಬಿಟ್ಟರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಆದ್ದರಿಂದ ಮನೆಯಲ್ಲಿ ಪಟ್ಟಿಯದ್ದಿ ನೋಡುವ ಪರೀಕ್ಷೆಯ ಬಣ್ಣವೊಂದನ್ನೇ ನೆಚ್ಚಿ ಹಿಂದಿನ ಸಲ ಉಳಿದುಕೊಂಡ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ನುಂಗಿಬಿಡುವುದು ಸಲ್ಲದು.

ಎಲ್ಲಿ ನಿಲ್ಲಿಸಬೇಕು ಎಂದು ಹೇಳುತ್ತದೆಯೇ

ಬರೆದವರು ಜವಾಬ್ದಾರಿಯಿಂದ ಬರೆದಿದ್ದಾರೆಯೇ ಎಂದು ತಿಳಿಯಲು ಒಂದು ಸುಲಭದ ದಾರಿಯಿದೆ. ಮೂತ್ರದಲ್ಲಿ ಕಣ್ಣಿಗೆ ಕಾಣುವಂತೆ ರಕ್ತ ಬಂದರೆ, ಅದು ನೋವಿಲ್ಲದೆ ಒಂದೇ ಸಲ ಬಂದು ನಿಂತರೂ ಸಹ, ತಪಾಸಣೆ ಆಗಲೇಬೇಕು. ಧೂಮಪಾನಿಗಳಲ್ಲಿ ಇದು ಇನ್ನೂ ಮುಖ್ಯ. ಚಳಿಜ್ವರದೊಂದಿಗೆ ಬೆನ್ನಿನ ಪಕ್ಕದಲ್ಲಿ ನೋವು, ಮೂತ್ರ ಕಟ್ಟಿಹೋಗುವುದು, ಕಾಲುಗಳಲ್ಲಿ ಬಲ ಕುಂದುವುದು ಅಥವಾ ತೊಡೆಸಂದಿಯ ಭಾಗ ಮರಗಟ್ಟುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಂಥ ಎಚ್ಚರಿಕೆ ಒಂದು ಸಾಲಿನಲ್ಲಾದರೂ ಇಲ್ಲದ ಸ್ವಯಂ ಆರೈಕೆಯ ಬರಹವನ್ನು, ಅದು ಎಷ್ಟೇ ಸೊಗಸಾಗಿ ಬರೆದಿರಲಿ, ಪಕ್ಕಕ್ಕಿಡಿ.

ಉಳಿದುಕೊಂಡ ಸಲಹೆಯನ್ನು ಪ್ರಯತ್ನಿಸುವುದು

ಮೇಲಿನ ಜರಡಿಯಲ್ಲಿ ಉಳಿದ, ಅಪಾಯ ಕಡಿಮೆಯಿರುವ ಸಲಹೆಯನ್ನು ನಿಮ್ಮ ಮೇಲೆಯೇ ಪರೀಕ್ಷಿಸಬಹುದು; ನೆನಪಿನ ಮೇಲೆ ಭಾರ ಹಾಕದೆ ಬರಹದಲ್ಲಿ ಪರೀಕ್ಷಿಸಬೇಕು. ಯುರಾಲಜಿ ವೈದ್ಯರು ಬರೆಯಲು ಹೇಳುವ ಮೂತ್ರಕೋಶದ ಡೈರಿಯೇ ಇದಕ್ಕೆ ಸಾಕು. ಅಳತೆಯ ಗೆರೆಗಳಿರುವ ಒಂದು ಲೋಟ, ಒಂದು ಪುಸ್ತಕ. ‘ಬೆಳಗ್ಗೆ 6.40, 280 ಮಿ.ಲೀ.; ಅವಸರ 2; ನೋವು 4; ಸೋರಿಕೆ ಇಲ್ಲ’ ಎಂಬಂತೆ, ಅವಸರಕ್ಕೂ ನೋವಿಗೂ ತೀವ್ರತೆಗೆ ತಕ್ಕ ಅಂಕ ಕೊಟ್ಟು, ಪ್ರತಿ ಸಲದ್ದನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ; ಕುಡಿದದ್ದು ಏನು, ಎಷ್ಟು ಎಂಬುದಕ್ಕೆ ಪಕ್ಕದಲ್ಲಿ ಜಾಗ ಬಿಡಿ. ವೈದ್ಯರಿಗೆ ತೋರಿಸಲು ಮೂರು ದಿನದ ದಾಖಲೆ ಸಾಮಾನ್ಯವಾಗಿ ಸಾಕಾದರೂ, ಏರಿಳಿತದ ಕಾಯಿಲೆಯಲ್ಲಿ ಒಂದು ಮದ್ದಿನ ಪರಿಣಾಮವನ್ನು ಅಳೆಯಲು ಅದು ಸಾಲದು. ಏನನ್ನೂ ಬದಲಿಸುವ ಮುನ್ನ ಎರಡು ವಾರವಾದರೂ ಬರೆದು, ನಿಮ್ಮ ಮಾಮೂಲಿನ ಏರಿಳಿತ ಎಷ್ಟೆಂದು ತಿಳಿದುಕೊಳ್ಳಿ. ಕೆರಳಿದ ವಾರದಲ್ಲಿ ಪ್ರಯೋಗವನ್ನು ಆರಂಭಿಸಬೇಡಿ. ಕಾರಣವನ್ನು ಆಗಲೇ ನೋಡಿದ್ದೇವೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಷ್ಟು ದಿನ ಕಾಯಬೇಕು, ಏನಾದರೆ ಸುಧಾರಿಸಿತು ಎನ್ನಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಉದಾಹರಣೆಗೆ ‘ರಾತ್ರಿ ಏಳುವುದು ಸರಾಸರಿ ಮೂರರಿಂದ ಎರಡಕ್ಕೆ ಇಳಿಯಬೇಕು’ ಎಂದು. ಕಾಯುವ ಅವಧಿ ಸಲಹೆಗೆ ತಕ್ಕಂತೆ ಇರಬೇಕು: ಕಾಫಿ ಬಿಟ್ಟ ಫಲ ಕೆಲವೇ ದಿನಗಳಲ್ಲಿ ತಿಳಿಯಬಹುದು, ಮೂತ್ರಕ್ಕೆ ಹೋಗುವ ನಡುವಿನ ಅಂತರವನ್ನು ಹಿಗ್ಗಿಸುವ ತರಬೇತಿಗೆ ಆರು ವಾರವಾದರೂ ಬೇಕು, ಸೋರಿಕೆಗೆ ಮಾಡುವ ಸ್ನಾಯು ವ್ಯಾಯಾಮಕ್ಕೆ ಮೂರು ತಿಂಗಳು ಬೇಕು. ಮೂರೇ ದಿನದಲ್ಲಿ ಪರಿಹಾರ ಎನ್ನುವ ವ್ಯಾಯಾಮದ ಭರವಸೆಯನ್ನು ಈ ಅಳತೆಯಿಂದಲೇ ತಳ್ಳಿಹಾಕಬಹುದು. ಸುಧಾರಿಸಿದಂತೆ ಕಂಡರೆ ಅದನ್ನು ಬಿಟ್ಟು ನೋಡಿ, ಮತ್ತೆ ಆರಂಭಿಸಿ; ಬಿಟ್ಟಾಗ ಹೆಚ್ಚಾಗಿ, ಹಿಡಿದಾಗ ಕಡಿಮೆಯಾಗುವುದು ಎರಡನೆಯ ಸುತ್ತಿನಲ್ಲೂ ಕಂಡರೆ ಅದು ನೂರು ಜನರ ಸಾಕ್ಷ್ಯಕ್ಕಿಂತ ನಿಮ್ಮ ಮಟ್ಟಿಗೆ ಗಟ್ಟಿ. ಈ ಬಿಟ್ಟು ಹಿಡಿಯುವ ಪರೀಕ್ಷೆ ಆಹಾರ–ಪಾನೀಯಗಳಿಗೆ ಮಾತ್ರ. ವೈದ್ಯರು ಬರೆದುಕೊಟ್ಟ ಔಷಧವನ್ನು ಅವರಿಗೆ ಹೇಳದೆ ನಿಲ್ಲಿಸಬಾರದು.

ಆಹಾರದ ವಿಷಯದಲ್ಲಿ ಈ ಮರಳಿ ನೋಡುವ ಹೆಜ್ಜೆಯನ್ನು ಬಹಳ ಮಂದಿ ಕೈಬಿಡುತ್ತಾರೆ. ನೋವಿನ ಸಿಂಡ್ರೋಮ್‌ನವರಿಗೆ ಕಾಫಿ, ಚಹಾ, ಮದ್ಯ, ಕಿತ್ತಳೆ–ನಿಂಬೆ ಜಾತಿಯ ಹಣ್ಣುಗಳು, ಟೊಮೇಟೊ, ಖಾರ, ಕೃತಕ ಸಿಹಿ, ಗ್ಯಾಸ್ ತುಂಬಿದ ಪಾನೀಯಗಳು ಕೆರಳಿಸಬಹುದು ಎಂಬ ಪಟ್ಟಿ ಎಲ್ಲೆಡೆ ಸಿಗುತ್ತದೆ. ಆದರೆ ಆ ಪಟ್ಟಿಯಲ್ಲಿರುವುದೆಲ್ಲವೂ ಎಲ್ಲರನ್ನೂ ಕೆರಳಿಸುವುದಿಲ್ಲ. ಎಲ್ಲವನ್ನೂ ಒಮ್ಮೆ ಬಿಟ್ಟು ಕೆಲವು ವಾರ ಕಳೆದ ಮೇಲೆ, ಕೆಲವು ದಿನಗಳ ಅಂತರದಲ್ಲಿ ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಮರಳಿ ಸೇರಿಸಿ ಡೈರಿ ನೋಡಬೇಕು. ಅಂಕೆಗಳು ಅಲುಗದಿದ್ದರೆ ಆ ಪದಾರ್ಥವನ್ನು ಪಟ್ಟಿಯಿಂದ ಹೊಡೆದುಹಾಕಿ ಧಾರಾಳವಾಗಿ ತಿನ್ನಬಹುದು. ಬಿಟ್ಟವುಗಳ ಪಟ್ಟಿ ಬೆಳೆಯುತ್ತಲೇ ಹೋಗಿ ತೂಕ ಇಳಿಯತೊಡಗಿದರೆ, ಡೈರಿಯನ್ನೂ ಸೇವಿಸುತ್ತಿರುವ ಪುಡಿ–ಮಾತ್ರೆಗಳ ಡಬ್ಬಿಗಳನ್ನೂ ಹಾಗೆಯೇ ಚೀಲಕ್ಕೆ ಹಾಕಿಕೊಂಡು ವೈದ್ಯರನ್ನೂ ಆಹಾರತಜ್ಞರನ್ನೂ ಕಾಣಬೇಕು.